ಸ್ಲರ್ಡ್ ಸ್ಪೀಚ್‌ಗೆ ಕನ್ನಡ ಎಂತ? (ಬೋರ್ಡಿಗೆ, ಅರ್ಜೆಂಟ್)

ನಮಸ್ಕಾರ, ಮಂಜೇಶ್ವರ ಕಡೆಯ ಒಂದು ಕ್ಲಿನಿಕ್ಕಿಗೆ ಸ್ಟ್ರೋಕಿನ ಲಕ್ಷಣದ ಬೋರ್ಡು ಮಾಡ್ತಾ ಇದ್ದೇವೆ, ಮುಖ ಒಂದು ಬದಿಗೆ ವಾಲುವುದು, ಕೈಯ ಬಲ ಹೋಗುವುದು ಅಷ್ಟು ಆಯ್ತು, ಮೂರನೇದು ಸ್ಲರ್ಡ್ ಸ್ಪೀಚ್, ಅಲ್ಲೇ ನಿಂತಿದೆ. ಮಲಯಾಳದಲ್ಲಿ 'ನಾವು ಕುಳಯುಕ' ಅಂತ ಬರ್ದಾಗಿದೆ (ಅವರ 'ನಾವು' ಅಂದ್ರೆ ನಾಲಗೆ, ನಮ್ಮವರು ಓದಿದ್ರೆ 'ನಾವು' ಎಂತ ಆದೆವು ಅಂತ ಕೇಳಿಯಾರು). ಅಸ್ಪಷ್ಟ ಮಾತು ಅಂತ ಹಾಕಿದ್ರೆ ಆಗ್ತದಾ? ನಾಳೆ ಮಧ್ಯಾಹ್ನ ಪ್ರಿಂಟಿಗೆ ಕೊಡ್ಬೇಕು.

---

ಅಸ್ಪಷ್ಟ ಬೇಡ. ಫೋನಿಗೆ ರೇಂಜ್ ಇಲ್ಲದಿದ್ರೂ ಮಾತು ಅಸ್ಪಷ್ಟವೇ. ತಮಿಳಿನಲ್ಲಿ ಇದಕ್ಕೆ ಸರಿಯಾಗಿ ಕುೞಱು ಅಂತ ಉಂಟು, ಅವರ ೞ ನಮ್ಮಲ್ಲಿ ಳ, ಮೞೆ ಮಳೆ ಆದ ಹಾಗೆ. ಆದ್ದರಿಂದ 'ಕುಳರು ಮಾತು'. ಸಂಸ್ಕೃತದ ಬಾಗಿಲು ಬಡಿಯುವ ಮೊದಲು ಪಕ್ಕದ ಮನೆ ನೋಡ್ಬೇಕು.

---

ಮಾಷ್ಟ್ರೆ, ಮೞೆ ಮಳೆ ಆದದ್ದು ಜನರ ಬಾಯಲ್ಲಿ, ನೀವು ಕೂತಲ್ಲಿ ಮಾಡಿದ್ದಲ್ಲ. ಕುಂಬಳೆ ಪೇಟೆಯಲ್ಲಿ ಕುಳರು ಅಂದ್ರೆ ಕೇಜಿಗೆ ಎಷ್ಟು ಅಂತ ಕೇಳಿಯಾರು.

ಡಿಕ್ಷನರಿ ತೆಗೆದ್ರೆ ತೊದಲು ಸಿಗ್ತದೆ, ಅದೂ ಬೇಡ, ತೊದಲು ಅಂದ ಕೂಡ್ಲೆ ಮಗುವಿನ ಮಾತು ನೆನಪಾಗ್ತದೆ. ಉಗ್ಗುವುದೂ ಅಲ್ಲ, ಅದು ಹೆಚ್ಚಾಗಿ ಸಣ್ಣದ್ರಿಂದಲೇ ಬಂದದ್ದು. ಸ್ಲರ್ಡ್ ಅಂದ್ರೆ ನಾಲಗೆ ತುಟಿಯ ಸ್ನಾಯು ಸೋತು ಅಕ್ಷರಗಳು ಒಂದಕ್ಕೊಂದು ಅಂಟಿಕೊಂಡು ಕುಡಿದವರ ಮಾತಿನ ಹಾಗೆ ಬರುವುದು, ಹೇಳ್ಬೇಕಾದ್ದು ಎಂತ ಅಂತ ಅವ್ರಿಗೆ ಗೊತ್ತಿರ್ತದೆ. ಪದವೇ ಸಿಕ್ಕದಿರುವುದು, ನಾವು ಹೇಳಿದ್ದು ತಿಳಿಯದಿರುವುದು ಇನ್ನೊಂದು, ಅದೂ ಸ್ಟ್ರೋಕಿನಲ್ಲಿ ಬರ್ತದೆ, ಅದಕ್ಕೆ ಬೇರೆ ಸಾಲು ಹಾಕಿ. ಮತ್ತೆ ಮಷಿನ್ ಅನುವಾದ ನಂಬ್ಬೇಡಿ, ಸ್ಲರ್ ಅಂದ್ರೆ ನಿಂದೆ ಅಂತಲೂ ಅರ್ಥ ಉಂಟು.

ಅಲ್ಲ ಮಾರಾಯ್ರೆ, ಇಂಗ್ಲಿಷಿನ ವಿಶೇಷಣಕ್ಕೆ ನಮ್ಮಲ್ಲೂ ವಿಶೇಷಣವೇ ಯಾಕೆ ಬೇಕು? ಕ್ರಿಯಾಪದ ಹಾಕಿ: 'ಇದ್ದಕ್ಕಿದ್ದ ಹಾಗೆ ನಾಲಗೆ ಹೊರಳುವುದಿಲ್ಲ'. ಇದ್ದಕ್ಕಿದ್ದ ಹಾಗೆ ಅನ್ನುವುದನ್ನು ಜಾಗ ಸಾಲುವುದಿಲ್ಲ ಅಂತ ತೆಗೀಬೇಡಿ, ಹೆಪ್ಪುಗಟ್ಟಿದ ರಕ್ತ ಕರಗಿಸುವ ಇಂಜೆಕ್ಷನ್ ಸಾಮಾನ್ಯವಾಗಿ ಲಕ್ಷಣ ಶುರುವಾಗಿ 4.5 ಗಂಟೆಯ ಒಳಗೆ ಕೊಡ್ಬೇಕು, ಓದುವವನಿಗೆ ಗಡಿಬಿಡಿ ಆಗ್ಬೇಕು.

---

ಹೊರಳು ಅಚ್ಚಗನ್ನಡ, ಒಪ್ಪಿದೆ. ಆದ್ರೆ ಮೇಲೆ ದೊಡ್ಡಕ್ಷರದಲ್ಲಿ ಸ್ಟ್ರೋಕ್ ಅಂತ ಉಂಟಲ್ಲ, ಅದು ಯಾರ ಕನ್ನಡ? 1956ರಿಂದ ಕೇರಳದಲ್ಲಿದ್ದುಕೊಂಡು ಕನ್ನಡ ಬೋರ್ಡು ಬೇಕು ಅಂತ ಗಲಾಟೆ ಮಾಡುವವರು ಅದ್ರೊಳಗೆ ಇಂಗ್ಲಿಷು ತುಂಬಿಸುವುದಾ?

---

ಪಾರ್ಶ್ವವಾಯು ಹಾಕಿದ್ರೆ ಅದೂ ಸಂಸ್ಕೃತವೇ ಅಲ್ವಾ ಮಾಷ್ಟ್ರೆ, ಈಗ ಆ ಬಾಗಿಲು ಬಡೀಬಹುದಾ?

---

ಇಬ್ಬರಿಗೂ ಥ್ಯಾಂಕ್ಸ್. ಸ್ಟ್ರೋಕ್ ಅಂತಲೇ ಇರ್ಲಿ, ಪಕ್ಷವಾತ ಅಂತ ಬರೆದ್ರೆ ಮೊದಲು ಎಣ್ಣೆ ತಿಕ್ಕಿಸ್ಲಿಕ್ಕೆ ಕರ್ಕೊಂಡು ಹೋಗ್ತಾರೆ. 'ಇದ್ದಕ್ಕಿದ್ದ ಹಾಗೆ ನಾಲಗೆ ಹೊರಳುವುದಿಲ್ಲ' ಪ್ರೆಸ್ಸಿಗೆ ಕಳ್ಸಿದೆ. ನಾಲಗೆಯಾ ನಾಲಿಗೆಯಾ ಅಂತ ಇನ್ನು ಯಾರೂ ಶುರು ಮಾಡ್ಬೇಡಿ ದಯವಿಟ್ಟು.