ಪದಚರ್ಚೆ: ‘ಡೀಬಗ್’ ಆಯ್ಕೆಗೆ ಕನ್ನಡದಲ್ಲಿ ಏನೆನ್ನಬೇಕು?

ಮಾನ್ಯರೇ,

ಡಿಪ್ಲೊಮಾ ವಿದ್ಯಾರ್ಥಿಗಳ ಪ್ರಯೋಗಾಲಯ ಕೈಪಿಡಿಗಾಗಿ, ಪ್ರೋಗ್ರಾಮಿಂಗ್ ಲೈಬ್ರರಿಗಳನ್ನು ಕಟ್ಟಲು ನೆರವಾಗುವ ಉಪಕರಣವಾದ ಗ್ನೂ ಲಿಬ್‌ಟೂಲ್‌ನ ಸಹಾಯಪುಟವನ್ನು ಅನುವಾದಿಸುತ್ತಿದ್ದೇನೆ. ಹಾಳೆಗಳು ನಾಳೆ ಮಧ್ಯಾಹ್ನ ಅಚ್ಚಿಗೆ ಹೋಗಬೇಕು. ಆಜ್ಞೆಯ ಜೊತೆ ಟೈಪ್ ಮಾಡುವ ಆಯ್ಕೆಯ ಹೆಸರು ಇಂಗ್ಲಿಷಿನಲ್ಲೇ ಉಳಿಯುತ್ತದೆ, ಎದುರಿನ ವಿವರಣೆಗಷ್ಟೇ ಕನ್ನಡ ಬೇಕು. ‘ಕಾನ್ಫಿಗ್’ ಆಯ್ಕೆಯು ಉಪಕರಣದ ವೇರಿಯಬಲ್‌ಗಳನ್ನೆಲ್ಲ ತೋರಿಸುವುದರಿಂದ ಅದಕ್ಕೆ ‘ಸಂರಚನೆ’ ಸಾಕೆನಿಸಿದೆ. ತೊಡಕಿರುವುದು, ಪ್ರೋಗ್ರಾಮಿನ ತಪ್ಪು ಹುಡುಕಿ ತೆಗೆಯುವುದು ಎಂಬರ್ಥದ ‘ಡೀಬಗ್’ನಲ್ಲಿ. ರೂಢಿಯಂತೆ ‘ದೋಷನಿವಾರಣೆ’ ಎಂದು ಬರೆದಿದ್ದೆ. ಕರಡನ್ನು ಓದಿದ ವಿದ್ಯಾರ್ಥಿನಿಯೊಬ್ಬಳು ಆ ಆಯ್ಕೆ ಹಾಕಿ ಆಜ್ಞೆ ನಡೆಸಿದಳು. ಕೂಡುವ ಚಿಹ್ನೆಯಿಂದ ಮೊದಲಾಗುವ ಸಾಲುಗಳು ತೆರೆಯ ತುಂಬ ಹರಿದು, ಕೊನೆಯಲ್ಲಿ ಹಿಂದಿನ ತಪ್ಪೇ ಮತ್ತೆ ಬಂತು. ‘ಸರ್, ನಿವಾರಣೆ ಆಗಲೇ ಇಲ್ಲವಲ್ಲ’ ಎಂದಳು. ಅವಳು ಓದಿದ್ದು ಸರಿ, ನಾನು ಬರೆದದ್ದು ತಪ್ಪು. ಆ ಆಯ್ಕೆ ಶೆಲ್ (ಟೈಪ್ ಮಾಡಿದ ಆಜ್ಞೆಗಳನ್ನು ನಡೆಸುವ ಪ್ರೋಗ್ರಾಮು) ನಡೆಸುವ ಒಂದೊಂದು ಆಜ್ಞೆಯನ್ನೂ ತೋರಿಸುತ್ತದೆಯೇ ಹೊರತು ಏನನ್ನೂ ನಿವಾರಿಸುವುದಿಲ್ಲ. ಪ್ರೋಗ್ರಾಮನ್ನು ಯಂತ್ರಭಾಷೆಗೆ ತಿರುಗಿಸುವ ಕಂಪೈಲರ್ ಜಿಸಿಸಿಯ ‘-ಜಿ’ ಆಯ್ಕೆ ಕೂಡ ಮೂಲ ಪ್ರೋಗ್ರಾಮಿನ ಸಾಲುಸಂಖ್ಯೆ, ವೇರಿಯಬಲ್‌ಗಳ ಹೆಸರು ಮುಂತಾದ ಮಾಹಿತಿಯನ್ನು ತಾನು ತಯಾರಿಸುವ ಆಬ್ಜೆಕ್ಟ್ ಕಡತಕ್ಕೆ ಸೇರಿಸುತ್ತದೆ, ಅಷ್ಟೆ. ಎರಡಕ್ಕೂ ಸಲ್ಲುವ ಪದವಿದೆಯೇ?

ಉತ್ತರ:

‘ದೋಷನಿವಾರಣೆ’ ಸಲ್ಲದು, ಕೈಬಿಡಿ. ‘ಡೀಬಗ್’ ಎಂದೇ ಬರೆಯಿರಿ ಎನ್ನುವವರ ಮಾತಿಗೂ ಕಿವಿಗೊಡಬೇಡಿ. ಮನೆಯಲ್ಲಿ ಇರುವುದನ್ನು ನೆರೆಮನೆಯಿಂದ ಕಡ ತರಬೇಕಾಗಿಲ್ಲ. ಕನ್ನಡದಲ್ಲಿ ‘ಹುಳುಕು’ ಇದೆ. ಹಳಗನ್ನಡದ ‘ಪುೞು’ ಇಂದಿನ ಹುಳು, ತಮಿಳಿನಲ್ಲಿ ಈಗಲೂ ‘ಪುೞು’. ಹುಳು ತಿಂದ ಹಲ್ಲು ಹುಳುಕು ಹಲ್ಲು, ಹುಳು ಕೊರೆದ ಮರ ಹುಳುಕು ಮರ. ಅಲ್ಲಿಂದಲೇ ವಾದದ ಹುಳುಕು, ಲೆಕ್ಕದ ಹುಳುಕು. ಇಂಗ್ಲಿಷಿನ ‘ಬಗ್’ಗೆ ಇಂದು ಹುಳು, ದೋಷ ಎಂಬ ಯಾವ ಎರಡು ಅರ್ಥಗಳಿವೆಯೋ ಅವನ್ನು ನಮ್ಮ ಮಾತು ಯಾರ ನೆರವೂ ಇಲ್ಲದೆ ಬೆಸೆದುಕೊಂಡಿದೆ. 1947ರಲ್ಲಿ ಹಾರ್ವರ್ಡ್ ಮಾರ್ಕ್ 2 ಗಣಕಯಂತ್ರದ ರಿಲೇಯಲ್ಲಿ (ವಿದ್ಯುತ್ ಸ್ವಿಚ್ಚಿನಲ್ಲಿ) ಸಿಕ್ಕ ಪತಂಗದಿಂದ ‘ಬಗ್’ ಹುಟ್ಟಿತೆಂಬ ಕತೆಯನ್ನು ಯಾರೂ ಇಲ್ಲಿ ತರುವುದು ಬೇಡ. ಎಡಿಸನ್ 1878ರ ಪತ್ರದಲ್ಲೇ ಯಂತ್ರದ ಸಣ್ಣಪುಟ್ಟ ದೋಷಗಳಿಗೆ ಆ ಪದವನ್ನು ಬಳಸಿದ್ದಾನೆ. ‘ಹುಳುಕುಹುಡುಕು’ ಎಂದು ಬರೆಯಿರಿ. ‘ಹುಳುಕುಶೋಧನೆ’ ಮಾತ್ರ ಕೂಡದು, ಅದು ಕನ್ನಡ ಪದವನ್ನು ಸಂಸ್ಕೃತ ಪದಕ್ಕೆ ಬೆಸೆದ ಅರಿಸಮಾಸ.

ಮರು ಉತ್ತರ:

ಮಾನ್ಯರೇ, ‘ಹುಳುಕು’ ಹಿಡಿಸಿತು, ಉಪಕಾರವಾಯಿತು. ಅರಿಸಮಾಸದ ಆಕ್ಷೇಪವನ್ನು ಮಾತ್ರ ಒಪ್ಪಲಾರೆ. ಪೂರ್ವಪ್ರಯೋಗದಲ್ಲಿ ನೆಲೆಗೊಂಡ ಅಂಥ ಸಮಾಸಗಳಿಗೆ ಹಳಗನ್ನಡದ ವ್ಯಾಕರಣಕಾರ ಕೇಶಿರಾಜನೇ ಎಡೆಕೊಟ್ಟಿದ್ದಾನೆ, ‘ಬಸ್ ನಿಲ್ದಾಣ’ವನ್ನು ನಾವು ದಿನವೂ ಆಡುತ್ತೇವೆ, ‘ಶೆಲ್’, ‘ಕಂಪೈಲರ್’ ಎಂಬುವನ್ನು ಹಾಗೆಯೇ ಉಳಿಸಿಕೊಂಡ ಪುಟದಲ್ಲಿ ಶೋಧನೆಯೊಂದೇ ಹೊರಗಿನದಾಗುವುದು ಹೇಗೆ? ಆದರೂ ‘ಹುಳುಕುಹುಡುಕು’ವನ್ನು ನಾನು ಬರೆಯುತ್ತಿಲ್ಲ, ಕಾರಣ ಬೇರೆ: ಹುಡುಕುವವಳು ಆ ವಿದ್ಯಾರ್ಥಿನಿ, ಉಪಕರಣವಲ್ಲ. ಸಮಾಸದ ಆಸೆ ಬಿಟ್ಟು ‘ಹುಳುಕು ಹುಡುಕಲು ನೆರವಾಗುವಂತೆ ಶೆಲ್‌ನ ಪ್ರತಿ ಆಜ್ಞೆಯನ್ನೂ ತೋರಿಸುತ್ತದೆ’ ಎಂದೂ, ‘-ಜಿ’ಗೆ ‘ಹುಳುಕು ಹುಡುಕಲು ಬೇಕಾದ ಮಾಹಿತಿಯನ್ನು ಸೇರಿಸುತ್ತದೆ’ ಎಂದೂ ಬರೆದಿದ್ದೇನೆ.

ಇನ್ನು ‘ಡ್ರೈ-ರನ್’ ಉಳಿದಿದೆ. ಯಾವ ಕಡತವನ್ನೂ ಮುಟ್ಟದೆ, ನಡೆಸಬೇಕಾದ ಆಜ್ಞೆಗಳನ್ನು ತೋರಿಸುವುದಷ್ಟೇ ಅದರ ಕೆಲಸ. ‘ತಾಲೀಮು’ ಹೊಂದೀತೇ? ಇಂದು ರಾತ್ರಿಯೊಳಗೆ ತಿಳಿಸಬೇಕಾಗಿ ವಿನಂತಿ.