ಕ್ಯೂಜಿಐಎಸ್ ಒಳಗೆ ಆರ್ ಸ್ಕ್ರಿಪ್ಟ್: ಕೇಳಿ, ಸರ್ ಹೇಳ್ತಾರೆ

ಅಡ್ಮಿನ್: ವಿಜಯಪುರದ ಜಿಐಎಸ್ (ಕಂಪ್ಯೂಟರ್ ನಕ್ಷೆ) ಸರ್ ಸಂಜೆ ಗ್ರೂಪಿನಲ್ಲಿರುತ್ತಾರೆ. ಕ್ಯೂಜಿಐಎಸ್ (ನಕ್ಷೆ ಮಾಡುವ ಸಾಫ್ಟ್‌ವೇರ್) ಒಳಗಿಂದ ಆರ್ (ಅಂಕಿಅಂಶ ಲೆಕ್ಕದ ಪ್ರೋಗ್ರಾಮಿಂಗ್ ಭಾಷೆ) ರನ್ ಮಾಡುವಾಗಿನ ತೊಂದರೆ ಮಾತ್ರ ಕೇಳಿ. ಗುಡ್ ಈವ್ನಿಂಗ್ ಫೋಟೋ ಬೇಡ.

ಅಥಣಿ: ನಮಸ್ಕಾರ ಸರ್. ಟೂಲ್‌ಬಾಕ್ಸಿನಲ್ಲಿ ಆರ್ ಕಾಣಿಸ್ತಾನೇ ಇಲ್ಲ.

ಜಿಐಎಸ್ ಸರ್: ನಮಸ್ಕಾರ. ಅದು ಈಗ ಕ್ಯೂಜಿಐಎಸ್ ಜೊತೆಗೆ ಬರಲ್ಲ. ಪ್ಲಗಿನ್ ಪಟ್ಟಿಯಲ್ಲಿ ‘ಪ್ರೊಸೆಸಿಂಗ್ ಆರ್ ಪ್ರೊವೈಡರ್’ ಹುಡುಕಿ ಹಾಕಿಕೊಳ್ಳಿ. ಆರ್ ಬೇರೆಯಾಗಿ ಇನ್‌ಸ್ಟಾಲ್ ಆಗಿರಬೇಕು.

ಮುಧೋಳ: ಆರ್‌ನಲ್ಲಿ ನಕ್ಷೆ ಫೈಲ್ ಓದುವ ಆರ್‌ಜಿಡಾಲ್ ಪ್ಯಾಕೇಜ್ ಇನ್‌ಸ್ಟಾಲ್ ಆಗ್ತಿಲ್ಲ ಸರ್.

ಜಿಐಎಸ್ ಸರ್: 2023ರ ಅಕ್ಟೋಬರ್‌ನಲ್ಲೇ ಅದನ್ನ ಕ್ರ್ಯಾನ್‌ನಿಂದ (ಆರ್ ಪ್ಯಾಕೇಜ್‌ಗಳ ಭಂಡಾರ) ತೆಗೆದರು. ಅದರ ಬದಲು ಎಸ್‌ಎಫ್, ಟೆರಾ ಪ್ಯಾಕೇಜ್ ಬಳಸಿ.

ಇಂಡಿ ಹುಡುಗ: ಸರ್, ಬೋರ್‌ವೆಲ್‌ನಲ್ಲಿ ನೀರು ಎಷ್ಟು ಆಳದಲ್ಲಿದೆ ಅನ್ನೋ ಸಿಎಸ್‌ವಿ (ಕಾಲಂಗಳ ಪಟ್ಟಿಯ ಫೈಲ್) ಇದೆ. ಕಾಲೇಜ್ ಲ್ಯಾಬಿನಲ್ಲಿ ಎರರ್ ಇಲ್ಲದೆ ನಕ್ಷೆ ಬಂತು, ಆದರೆ ಲೆಜೆಂಡಿನಲ್ಲಿ (ಬಣ್ಣದ ಸೂಚಿ) ಆಳ 1ರಿಂದ 38. ನಮ್ಮ ಕಡೆ ಒಂದು ಅಡಿಗೆ ಯಾರಿಗೆ ನೀರು ಸಿಗುತ್ತೆ? ಮನೆ ಲ್ಯಾಪ್‌ಟಾಪಿನಲ್ಲಿ ಅದೇ ಸ್ಕ್ರಿಪ್ಟ್ ಒಂದು ವಾರ್ನಿಂಗ್ ಕೊಟ್ಟು 95ರಿಂದ 640 ತೋರಿಸುತ್ತೆ.

ಜಿಐಎಸ್ ಸರ್: ಎರಡೂ ಕಡೆ ಆರ್ ವರ್ಷನ್ ಹೇಳು ತಮ್ಮಾ. ಆಳದ ಕಾಲಂನಲ್ಲಿ ಅಂಕಿ ಬಿಟ್ಟು ಬೇರೇನಾದರೂ ಇದೆಯಾ?

ಇಂಡಿ ಹುಡುಗ: ಲ್ಯಾಬ್ 3.6, ಮನೆ 4.3. ಕೆಲವು ಬಾವಿಗೆ ‘ಡ್ರೈ’ ಅಂತ ಟೈಪ್ ಮಾಡಿದ್ದೇವೆ.

ಬೈಲಹೊಂಗಲ: *ಫಾರ್ವರ್ಡ್* ಆಂಟಿವೈರಸ್ ಆಫ್ ಮಾಡಿ ಈ ಬ್ಯಾಚ್ ಫೈಲ್ ರನ್ ಮಾಡಿ, ಆರ್‌ನ ಎಲ್ಲ ಎರರ್ ಮಾಯ!!

ಜಿಐಎಸ್ ಸರ್: ಯಾರೂ ಮುಟ್ಟಬೇಡಿ. ಅಡ್ಮಿನ್, ತೆಗೀರಿ ಅದನ್ನ. ಯಾರು ಬರೆದರೋ ಗೊತ್ತಿಲ್ಲದ ಫೈಲಿಗೆ ಕಂಪ್ಯೂಟರ್ ಬಾಗಿಲು ತೆಗೀತೀರಾ?

ಇಂಡಿ ತಮ್ಮಾ, ಇದು ಸರಿಯಾಗಿ ಓದು. ಒಂದು ‘ಡ್ರೈ’ ಇದ್ದರೂ ಸಾಕು, ಇಡೀ ಕಾಲಂ ಅಕ್ಷರ ಆಗುತ್ತೆ. 2020ರಲ್ಲಿ ಬಂದ 4.0ಕ್ಕಿಂತ ಹಳೆಯ ಆರ್ ಅಂಥ ಕಾಲಂ ಅನ್ನು ತಾನೇ ಫ್ಯಾಕ್ಟರ್ (ಪ್ರತಿ ಬೇರೆ ಬರಹಕ್ಕೂ ಒಂದು ಕ್ರಮಸಂಖ್ಯೆ ಇರುವ ಪಟ್ಟಿ) ಮಾಡಿಬಿಡುತ್ತಿತ್ತು. ಫ್ಯಾಕ್ಟರನ್ನು ನೇರವಾಗಿ ನ್ಯೂಮರಿಕ್ (ಸಂಖ್ಯೆ) ಮಾಡಿದರೆ ಆಳ ಬರಲ್ಲ, ಪಟ್ಟಿಯಲ್ಲಿ ಅದರ ಕ್ರಮಸಂಖ್ಯೆ ಬರುತ್ತೆ. 230, 412, 95 ಅಂತ ಅಕ್ಷರದ ಲೆಕ್ಕದಲ್ಲಿ, ಮೊದಲ ಅಂಕಿ ನೋಡಿ ಜೋಡಿಸಿ 412ಕ್ಕೆ 2, 95ಕ್ಕೆ 3 ಕೊಡುತ್ತೆ. ಡ್ರೈಗೂ ಒಂದು ನಂಬರ್! ಎರರ್ ಬರಲ್ಲ, ಅದೇ ನನಗೆ ಭಯ. ಇಂಥ ನಕ್ಷೆ ಎಷ್ಟು ರಿಪೋರ್ಟಿನಲ್ಲಿ ಕೂತಿದೆಯೋ. ಹೊಸ ಆರ್ ಡ್ರೈ ಇದ್ದ ಕಡೆ ಎನ್‌ಎ (ಮಾಹಿತಿ ಇಲ್ಲ) ಹಾಕಿ ವಾರ್ನಿಂಗ್ ಕೊಡುತ್ತೆ. ಸಿಎಸ್‌ವಿ ಓದುವ ಸಾಲಿನಲ್ಲೇ ಡ್ರೈ ಅಂದ್ರೆ ಎನ್‌ಎ ಅಂತ ಹೇಳಿಬಿಡು. ಲ್ಯಾಬಿನ ಆರ್ ಬದಲಿಸೋಕೆ ಹೇಳು. ಹಾಂ, ದೂರದ ಲೆಕ್ಕಕ್ಕೆ ಮೊದಲು ಬಾವಿಗಳ ಜಾಗವನ್ನು ಯುಟಿಎಂ 43 ಉತ್ತರಕ್ಕೆ (ಮೀಟರ್‌ನಲ್ಲಿ ಅಳೆಯುವ ನಕ್ಷೆ ಪದ್ಧತಿ) ತಿರುಗಿಸಿದ್ದೀಯಾ?

ಗೋಕಾಕ: ಇಷ್ಟಕ್ಕೆ ಇಷ್ಟು ಪುರಾಣ ಯಾಕೆ? ಡ್ರೈ ಜಾಗದಲ್ಲಿ 0 ಹಾಕಿದರೆ ಮುಗೀತು. ಎಕ್ಸೆಲ್‌ನಲ್ಲಿ ನಾವು ಹಾಗೇ ಮಾಡೋದು.

ಜಮಖಂಡಿ ಮೇಡಂ: ಆಳ 0 ಅಂದ್ರೆ ನೀರು ನೆಲದ ಮಟ್ಟದಲ್ಲೇ ಇದೆ ಅಂತ ರೀ! ಒಣಗಿದ ಬಾವಿ ನಕ್ಷೆಯಲ್ಲಿ ಕೆರೆ ಆಗುತ್ತೆ.

ಗೋಕಾಕ: ಹಾಗಾದ್ರೆ 999 ಹಾಕ್ಲಿ ಬಿಡಿ ಮೇಡಂ.

ಬೈಲಹೊಂಗಲ: ಸರ್, ಮ್ಯಾಕ್‌ನಲ್ಲಿ ಆರ್ ಫೋಲ್ಡರ್ ಎಲ್ಲಿರುತ್ತೆ?

ಜಿಐಎಸ್ ಸರ್: ಬಾವಿಗಳ ನಡುವಿನ ಜಾಗಕ್ಕೆ ನಕ್ಷೆ ಅಕ್ಕಪಕ್ಕದ ಬಾವಿಗಳಿಂದ ಅಂದಾಜು ಕಟ್ಟುತ್ತೆ, ಹಾಗಾಗಿ 999 ಸುತ್ತಲಿನ ಹಳ್ಳಿಗಳ ಅಂದಾಜನ್ನೂ ಎಳೆದು ಕೆಡಿಸುತ್ತೆ. ಎನ್‌ಎ ಹಾಕಿ ಸುಮ್ನೆ ಬಿಟ್ಟರೂ ಪಕ್ಕದ ಬಾವಿಗಳ ಅಂದಾಜಿನಿಂದ ಅಲ್ಲಿ ನೀರು ಮೇಲಿದೆ ಅನ್ನೋ ಹಾಗೆ ಕಾಣುತ್ತೆ. ಎಷ್ಟು ಅಡಿ ಕೊರೆದು ಬಿಟ್ಟರು ಅಂತ ಬೇರೆ ಕಾಲಂನಲ್ಲಿ ಬರೆದುಕೊಳ್ಳಿ. ಆ ಬಾವಿಗಳನ್ನು ನಕ್ಷೆ ಮೇಲೆ ಬೇರೆ ಗುರುತಿನಲ್ಲಿ ಹಾಕಿ.

ಮುಧೋಳ: ಸರ್, ಆರ್‌ಜಿಡಾಲ್...

ಜಿಐಎಸ್ ಸರ್: ಮೇಲೆ ನೋಡಿ.

ಗೋಕಾಕ: ನಮ್ಮ ಆಫೀಸಿನಲ್ಲಿ ವರ್ಷಾನುಗಟ್ಟಲೆ 0 ಹಾಕಿದ್ದೇವೆ, ಯಾರೂ ಕೇಳಿಲ್ಲ.

ಜಮಖಂಡಿ ಮೇಡಂ: ಈಗ ನಾನು ಕೇಳ್ತಿದ್ದೀನಲ್ಲ.

ಅಡ್ಮಿನ್: ಇಬ್ಬರೂ ಪರ್ಸನಲ್‌ಗೆ ಹೋಗಿ ಜಗಳ ಆಡಿ.