ರಿಮೋಟಿನ ಮಾದರಿ ಜೆಟ್ (64 ಎಂಎಂ ಫ್ಯಾನ್) ಕೈಬಿಟ್ಟ ಕೂಡ್ಲೆ ಗದ್ದೆಗೆ ಇಳಿಯುತ್ತದೆ, ಎಂತ ಮಾಡುದು?

ಕೂಳೆಗದ್ದೆ_ಪೈಲಟ್ (ಬ್ರಹ್ಮಾವರ) · ಶನಿವಾರ ಬೆಳಿಗ್ಗೆ 9.40
ಮಂಡೆ ಬಿಸಿಯಾಗಿ ಬರೀತಾ ಇದ್ದೇನೆ, ತಪ್ಪು ತಿಳ್ಕೊಬೇಡಿ. ಜೆಟ್ ಹಾರುದಿಲ್ಲ. ಫುಲ್ ಥ್ರಾಟಲ್ ಕೊಟ್ಟು ಎಸೆದರೆ ಹತ್ತು ಹನ್ನೆರಡು ಮೀಟರ್ ಹೋಗ್ತದೆ, ಸ್ವಲ್ಪ ಎಡಕ್ಕೆ ವಾಲ್ತದೆ, ಹಾಗೇ ಕೂತುಬಿಡ್ತದೆ. ಮೂಗು ಎತ್ತಲಿಕ್ಕೆ ಎಲಿವೇಟರ್ (ಬಾಲದ ಅಲ್ಲಾಡುವ ಪಟ್ಟಿ) ಎಳೆದರೆ ಇನ್ನೂ ಬೇಗ ಕೂರ್ತದೆ. ನಿನ್ನೆ ಐದು ಸಲ, ಇವತ್ತು ನಾಲ್ಕು ಸಲ. ಮೂಗು ಈಗ ಅರ್ಧ ಫೋಮ್, ಅರ್ಧ ಅಂಟು. ಪಟ್ಟಿ ಅಲ್ಲಾಡಿಸುವ ಸರ್ವೊ ಸರಿ ಉಂಟು, ಮೋಟಾರಿನ ಶಬ್ದ ಜೋರೇ ಉಂಟು, ಬ್ಯಾಟರಿ ಫುಲ್ ಚಾರ್ಜ್. ಪಡುಕೆರೆ ಕಡಲ ಬದಿಯಲ್ಲಿ ಎರಡು ಸಲ ಚಂದ ಹಾರಿದ್ದೇ ಇದು. ಈಗ ಏನಾಯ್ತು ಇದಕ್ಕೆ?

ಫೋಮ್‌ಭಟ್ರು (ಕೋಟೆಕಾರ್) · 9.52
ಸಿಜಿ.

ಫೋಮ್‌ಭಟ್ರು · 9.53
ಮತ್ತೆ ಹೇಳ್ತೇನೆ, ಸಿಜಿ, ಅಂದ್ರೆ ತೂಕ ಸಮತೋಲ ಆಗುವ ಬಿಂದು. ಬಾಲ ಭಾರ ಇದ್ರೆ ಎಲಿವೇಟರ್ ಎಳೆದ ಕೂಡ್ಲೆ ಸ್ಟಾಲ್ ಆಗ್ತದೆ (ರೆಕ್ಕೆ ಎತ್ತುವ ಬಲ ಕಳ್ಕೊಳ್ತದೆ), ಒಂದು ರೆಕ್ಕೆ ಬೀಳ್ತದೆ. ನೀವು ಬರೆದದ್ದು ಅದೇ. ಕೈಪಿಡಿಯಲ್ಲಿ ಎಷ್ಟು ಮಿ.ಮೀ. ಅಂತ ಉಂಟೋ ಅದಕ್ಕಿಂತ 5 ಮಿ.ಮೀ. ಮುಂದೆ ಇಡಿ.

ವಾಟ್‌ಮೀಟರ್_ಕುಡ್ಲ (ಮಂಗಳೂರು) · 10.15
ಯಾವ ಜೆಟ್, ಎಷ್ಟು ಸೆಲ್, ಎಷ್ಟು ತೂಕ, ಮೋಟಾರಿನ ವೇಗ ಹಿಡಿಯುವ ಇಎಸ್‌ಸಿ ಎಷ್ಟು ಆಂಪಿಯರ್, ಬ್ಯಾಟರಿಗೆ ಎಷ್ಟು ವರ್ಷ? ಒಂದೂ ಬರೆಯದೆ "ಎಂತ ಮಾಡುದು" ಅಂದ್ರೆ ಜಾತಕ ನೋಡಿ ಹೇಳ್ಬೇಕು ಮಾರಾಯ್ರೆ.

ಕೂಳೆಗದ್ದೆ_ಪೈಲಟ್ · 10.31
ಎಲ್ಲರಿಗೂ ಗೊತ್ತಿರುವ ಎಫ್-16 ಮಾದರಿ, 64 ಎಂಎಂ, ಬ್ಯಾಟರಿ 4ಎಸ್ (ನಾಲ್ಕು ಸೆಲ್) 2200 ಎಂಎಎಚ್, 25ಸಿ. ಚಕ್ರ ಇಲ್ಲ, ಕೈಯಲ್ಲೇ ಎಸೆಯುದು. ಬ್ಯಾಟರಿಗೆ ಒಂದು ವರ್ಷ. ಸಿಜಿ ಕೈಪಿಡಿ ಹೇಳಿದಲ್ಲೇ ಉಂಟು, ಎರಡು ಬೆರಳ ಮೇಲೆ ಇಟ್ಟು ನೋಡಿದ್ದೇನೆ.

ವಾಟ್‌ಮೀಟರ್_ಕುಡ್ಲ · 10.40
ಸಿಕ್ಕಿತು ಕಳ್ಳ. ಕವರಿನ ಮೇಲೆ ಬರೆದ ಸಿ ರೇಟಿಂಗ್ ನಂಬುದೂ ಸಂತೆಯ ತೂಕದ ಕಲ್ಲು ನಂಬುದೂ ಒಂದೇ. ಲೆಕ್ಕಕ್ಕೆ 25ಸಿ ಅಂದ್ರೆ 2.2ರ 25 ಪಟ್ಟು, 55 ಆಂಪಿಯರ್ ಕೊಡ್ಬೇಕು. ಒಂದು ವರ್ಷ ಈ ಕರಾವಳಿಯ ಸೆಕೆಯಲ್ಲಿ, ಅದೂ ಫುಲ್ ಚಾರ್ಜ್ ಮಾಡಿ ಇಟ್ಟಿದ್ರೆ ಆ ಪ್ಯಾಕ್ ಅರ್ಧ ಸತ್ತಿದೆ. ಹಾರಿಸದ ದಿನ ಸೆಲ್‌ಗೆ 3.8 ವೋಲ್ಟ್‌ಗೆ ಇಳಿಸಿ ಇಡ್ತೀರಾ? ಇಲ್ಲ ಅಲ್ವಾ? ಉಬ್ಬಿದೆಯಾ ನೋಡಿ.

ಕೂಳೆಗದ್ದೆ_ಪೈಲಟ್ · 10.44
ಸ್ವಲ್ಪ ಉಬ್ಬಿದೆ. ಕೊಡುವಾಗಲೇ ಹಾಗೇ ಇತ್ತು.

ವಾಟ್‌ಮೀಟರ್_ಕುಡ್ಲ · 10.45
🙏

ಫೋಮ್‌ಭಟ್ರು · 10.58
ಉಬ್ಬಿದ ಬ್ಯಾಟರಿಯಿಂದ ರೆಕ್ಕೆ ಎಡಕ್ಕೆ ಬೀಳುದಿಲ್ಲ. ಮೂಗಿಗೆ ತೂಕ ಹಾಕಿ ನೋಡಿ, ಖರ್ಚಿಲ್ಲದ ಪರೀಕ್ಷೆ. ಐದು ರೂಪಾಯಿ ನಾಣ್ಯ ನಾಲ್ಕು, ಡಬಲ್ ಟೇಪ್.

ಟಾರ್‌ರೋಡ್_90 (ಬೆಂಗಳೂರು) · 11.20
ಗುರು, 64ನ ಕೈಯಲ್ಲಿ ಎಸೆದು ಯಾಕೆ ಕಷ್ಟ ಪಡ್ತೀರಾ? ನಾನು ಹೋದ ವರ್ಷಾನೇ 90 ಎಂಎಂಗೆ ಬಂದೆ, 6ಎಸ್ 5000, ಮಡಚೋ ಚಕ್ರ (ರಿಟ್ರಾಕ್ಟ್), ಲ್ಯಾಂಡಿಂಗ್ ಲೈಟು ಎಲ್ಲಾ ಇದೆ. ಟಾರ್ ಮೇಲೆ 40 ಮೀಟರ್ ಓಡಿ ತಾನೇ ಏಳುತ್ತೆ. ಇಳಿಸೋವಾಗ ಫ್ಲಾಪ್ ಹಾಕಿದ್ರೆ ಅಸಲಿ ವಿಮಾನ ಬಂದಂಗಿರುತ್ತೆ. ವಿಡಿಯೊ ಹಾಕ್ಲಾ?

ಪದವು_ಗ್ಲೈಡರ್ (ಕಾರ್ಕಳ) · 11.34
ಬೇಡ.
ಬ್ರಹ್ಮಾವರದವರೇ, ಎಷ್ಟು ಗಂಟೆಗೆ ಹಾರಿಸಿದ್ದು? ಯಾವ ದಿಕ್ಕಿಗೆ ಎಸೆದದ್ದು?

ಕೂಳೆಗದ್ದೆ_ಪೈಲಟ್ · 11.41
ಬೆಳಿಗ್ಗೆ ಏಳು, ಏಳೂವರೆ. ಪಡುವಣಕ್ಕೆ. ಮೂಡಣಕ್ಕೆ ಎಸೆದರೆ ಸೂರ್ಯ ಕಣ್ಣಿಗೆ ಹೊಡೀತಾನೆ. ಗಾಳಿ ಇರಲೇ ಇಲ್ಲ.

ಪದವು_ಗ್ಲೈಡರ್ · 11.55
ಗಾಳಿ ಇತ್ತು. ನವೆಂಬರ್ ಬೆಳಿಗ್ಗೆ ನಮ್ಮ ಕಡೆ ಘಟ್ಟದಿಂದ ಕಡಲಿನ ಕಡೆಗೆ ತಣ್ಣಗೆ ಹರಿಯುವ ಗಾಳಿ ಇರ್ತದೆ. ಎಲೆ ಅಲ್ಲಾಡುದಿಲ್ಲ, ಆದ್ರೆ ಊದುಬತ್ತಿ ಹಚ್ಚಿ ಹಿಡಿದು ನೋಡಿ, ಹೊಗೆ ಪಡುವಣಕ್ಕೆ ಹೋಗ್ತದೆ. ಹನ್ನೊಂದು ಹನ್ನೆರಡರ ಮೇಲೆ ನೆಲ ಕಾದು ಕಡಲ ಗಾಳಿ ತಿರುಗಿ ಒಳಗೆ ಬರ್ತದೆ. ನೀವು ಬೆನ್ನಗಾಳಿಯಲ್ಲಿ ಎಸೀತಾ ಇದ್ದೀರಿ. ಪಡುಕೆರೆಯಲ್ಲಿ ಹಾರಿದ್ದು ಸಂಜೆ ಅಲ್ವಾ, ಕಡಲಿಗೆ ಮುಖ ಮಾಡಿ?

ಕೂಳೆಗದ್ದೆ_ಪೈಲಟ್ · 12.02
ಸಂಜೆ ಹೌದು. ಆದ್ರೆ ಅಷ್ಟು ಸಣ್ಣ ಗಾಳಿಗೆ ಜೆಟ್ ಬೀಳ್ತದಾ? ಅದು ಗ್ಲೈಡರ್ ಅಲ್ಲ.

ಪದವು_ಗ್ಲೈಡರ್ · 12.10
ಜೆಟ್ ಆದ್ದರಿಂದಲೇ ಬೀಳ್ತದೆ. ಪ್ರೊಪೆಲ್ಲರ್ ವಿಮಾನಕ್ಕಾದ್ರೆ ರೆಕ್ಕೆ, ಬಾಲದ ಮೇಲೆ ಪ್ರೊಪೆಲ್ಲರಿನ ಗಾಳಿ ಬೀಸ್ತಾ ಇರ್ತದೆ, ನಿಂತಲ್ಲೇ ಎಲಿವೇಟರ್ ಸ್ವಲ್ಪ ಕೆಲಸ ಮಾಡ್ತದೆ. ಇಡಿಎಫ್‌ನ, ಅಂದ್ರೆ ಈ ಕೊಳವೆಯೊಳಗಿನ ಫ್ಯಾನಿನ ಗಾಳಿ ನೇರ ಹಿಂದಕ್ಕೆ. ವಿಮಾನಕ್ಕೆ ವೇಗ ಬರುವವರೆಗೆ ನಿಮ್ಮ ರಿಮೋಟಿನ ಕೋಲು ಬರೀ ಶೋಕಿಗೆ.

ಫೋಮ್‌ಭಟ್ರು · 12.30
ಗಾಳಿ ಎಲ್ಲ ಆಮೇಲೆ. ನಾಣ್ಯ ಹಾಕಿದಿರಾ?

ಬಜ್ಪೆ_ನೋಡುವವ (ಮಂಗಳೂರು) · 1.15
ಮೊದಲು ಒಂದು ವಿಷಯ. ಇದನ್ನೆಲ್ಲ ಓದಿ ಕಾವೂರು, ಮರವೂರು ಕಡೆಯ ಮಕ್ಕಳು ಟೆರೇಸಿನಿಂದ ಜೆಟ್ ಬಿಡ್ಲಿಕ್ಕೆ ಹೊರಟಾರು. ಬಜ್ಪೆ ಟೇಬಲ್‌ಟಾಪ್ ವಿಮಾನ ನಿಲ್ದಾಣ, ಸುತ್ತ ಇಳಿಯುವ ವಿಮಾನ ತಗ್ಗಿನಲ್ಲೇ ಬರ್ತದೆ. 2021ರ ಡ್ರೋನ್ ನಿಯಮದಲ್ಲಿ ನಮ್ಮ ಮಾದರಿ ವಿಮಾನವೂ ಬರ್ತದೆ. ನಿಲ್ದಾಣದ ಗಡಿಯಿಂದ 8ರಿಂದ 12 ಕಿ.ಮೀ. ಒಳಗೆ ಅನುಮತಿ ಬೇಡದ ಹಸಿರು ವಲಯ ಬರೀ 200 ಅಡಿವರೆಗೆ, ಅದಕ್ಕಿಂತ ಹತ್ತಿರ ಆದ್ರೆ ಅನುಮತಿ ಇಲ್ಲದೆ ಬೇಡ. ನಕ್ಷೆ ನೋಡಿ ಹಾರಿಸಿ.

ವಾಟ್‌ಮೀಟರ್_ಕುಡ್ಲ · 1.22
ಅವರು ಬ್ರಹ್ಮಾವರದಲ್ಲಿ ಇರುದು ಮಾರಾಯ್ರೆ. ಹತ್ತು ಅಡಿ ಏಳದ ವಿಮಾನಕ್ಕೆ 200 ಅಡಿ ನಿಯಮ.

ಬಜ್ಪೆ_ನೋಡುವವ · 1.25
ನಿಯಮ ತಮಾಷೆ ಅಲ್ಲ. ನಿಮ್ಮಂಥವರಿಂದಲೇ ಎಲ್ಲರಿಗೂ ಹೆಸರು ಕೆಡುದು.

ವಾಟ್‌ಮೀಟರ್_ಕುಡ್ಲ · 1.27
ನನ್ನಂಥವರು ಅಂದ್ರೆ?

ಹಳೇ_ಬಾಲ್ಸಾ (ಉಡುಪಿ, ನಿರ್ವಾಹಕ) · 1.50
ನಿಯಮದ ಜಗಳ ಬೇರೆ ಚರ್ಚೆಗೆ ಸಾಗಿಸಿದ್ದೇನೆ, 14 ಸಂದೇಶ. ಇಲ್ಲಿ ಜೆಟ್ ಮಾತ್ರ.

ಕೂಳೆಗದ್ದೆ_ಪೈಲಟ್ · ಭಾನುವಾರ ಬೆಳಿಗ್ಗೆ 8.35
ನಾಲ್ಕು ನಾಣ್ಯ ಹಾಕಿ ಎಸೆದೆ. ಮೊದಲು ಹನ್ನೆರಡು ಮೀಟರ್ ಹೋಗ್ತಿತ್ತು, ಇವತ್ತು ಏಳು. ಧನ್ಯವಾದ ಭಟ್ರೆ.
ವಾಟ್‌ಮೀಟರ್ ಕೂಡ ಪಕ್ಕದೂರಿನ ಗೆಳೆಯನಿಂದ ತಂದೆ. ಫುಲ್ ಥ್ರಾಟಲ್‌ನಲ್ಲಿ 40 ಆಂಪಿಯರ್, 14.4 ವೋಲ್ಟ್, 576 ವಾಟ್.

ವಾಟ್‌ಮೀಟರ್_ಕುಡ್ಲ · 8.50
ಸೆಲ್‌ಗೆ 3.6. ನೋಡಿ, ಕುಸೀತಾ ಉಂಟು.

ಹಳೇ_ಬಾಲ್ಸಾ · 9.05
40 ಆಂಪಿಯರ್ ಎಳೆಯುವಾಗ 3.6 ಕೆಟ್ಟದ್ದಲ್ಲ. ಹೊಸ ಪ್ಯಾಕ್ ಹಾಕಿದ್ರೂ 3.7 ಬಂದೀತು, ಅಷ್ಟೆ. ಬ್ಯಾಟರಿ ಅಲ್ಲ. 576 ವಾಟ್ ತಿನ್ನುವ 64 ಎಂಎಂ ಫ್ಯಾನ್ ಆ ಜೆಟ್ಟನ್ನು ಎಳೆದುಕೊಂಡು ಹೋಗ್ಬೇಕು. ತಿಂದದ್ದು ಎಲ್ಲಿಗೆ ಹೋಗ್ತದೆ?
ವಿಮಾನ ಮಗುಚಿ ಹೊಟ್ಟೆಯ ಫೋಟೋ ಒಂದು ಹಾಕಿ.

ಕೂಳೆಗದ್ದೆ_ಪೈಲಟ್ · 9.20
[ಚಿತ್ರ] ಕಾಲು ನನ್ನ ಅಳಿಯನದ್ದು.

ಹಳೇ_ಬಾಲ್ಸಾ · 9.26
ಮೂಗಿಗೂ ರೆಕ್ಕೆಗೂ ನಡುವೆ, ಹೊಟ್ಟೆಯ ಕೆಳಗೆ ಕಂದು ಬಣ್ಣದ್ದು ಎಂತದು?

ಕೂಳೆಗದ್ದೆ_ಪೈಲಟ್ · 9.28
ಪಾರ್ಸೆಲ್ ಟೇಪ್. ಅದು ಮೊದಲಿಂದಲೂ ಉಂಟು.

ಹಳೇ_ಬಾಲ್ಸಾ · 9.29
ಮೊದಲಿಂದ ಅಂದ್ರೆ?

ಕೂಳೆಗದ್ದೆ_ಪೈಲಟ್ · 9.31
ಪಡುಕೆರೆ ಆದ ಮೇಲಿಂದ. ಎರಡನೇ ಸಲ ಇಳಿಸುವಾಗ ಆ ತೂತಿನಿಂದ ಹೊಯ್ಗೆ ಒಳಗೆ ಹೋಗಿ ಫ್ಯಾನ್ ಕರಕರ ಅಂದಿತು. ಇಲ್ಲಿ ಗದ್ದೆಯಲ್ಲಿ ಕೂಳೆ, ಬೈಹುಲ್ಲಿನ ಚೂರು. ಒಂದು ಚೂರು ಹೋದ್ರೆ ಬ್ಲೇಡ್ ಮುರೀತದೆ. ಅದಕ್ಕೆ ಮುಚ್ಚಿದೆ. ಮುಂದಿನ ಬಾಯಿ ತೆರೆದೇ ಉಂಟಲ್ಲ.

ಪದವು_ಗ್ಲೈಡರ್ · 9.33
ಅಯ್ಯೋ ದೇವರೇ.

ಹಳೇ_ಬಾಲ್ಸಾ · 10.02
ಎರಡು ದಿನ, ನಲ್ವತ್ತು ಸಂದೇಶ. ಇರಲಿ, ಎಲ್ಲರೂ ಒಮ್ಮೆ ಮಾಡಿದ ತಪ್ಪೇ.
ಅದು ಹೆಚ್ಚುವರಿ ಗಾಳಿಯ ತೂತು. ಚೀಟರ್ ಹೋಲ್ ಅಂತ ಕರೀತೇವೆ, ಅಸಲಿ ಎಫ್-16ರಲ್ಲಿ ಇಲ್ಲ. ನಮ್ಮದರಲ್ಲಿ ಯಾಕೆ ಬೇಕು ಅಂದ್ರೆ, 64 ಎಂಎಂ ವೃತ್ತ ಸುಮಾರು 32 ಚದರ ಸೆಂ.ಮೀ. ನಡುವಿನ ಗುಬುಟು ಕಳೆದ್ರೆ ಬ್ಲೇಡು ಬೀಸುವ ಜಾಗ 26ರಷ್ಟು. ನಿಮ್ಮ ಜೆಟ್ಟಿನ ಮುಂದಿನ ಬಾಯಿ ಅಳೆದು ನೋಡಿ. ಅಂದಾಜು 5 ಸೆಂ.ಮೀ. ಅಗಲ, ಮೂರೂವರೆ ಎತ್ತರ ಇದ್ದೀತು. ಮೊಟ್ಟೆ ಆಕಾರಕ್ಕೆ ಲೆಕ್ಕ ಹಾಕಿದ್ರೆ 14 ಚದರ ಸೆಂ.ಮೀ. ಆಗಲಿಲ್ಲ. 26ರ ಹೊಟ್ಟೆಗೆ 14ರ ಬಾಯಿ. ವೇಗ ಬಂದ ಮೇಲೆ ಎದುರು ಗಾಳಿಯೇ ಒಳಗೆ ನುಗ್ತದೆ, ಸುಧಾರಿಸ್ತದೆ. ಕೈಯಿಂದ ಬಿಟ್ಟ ಮೊದಲ ಎರಡು ಮೂರು ಸೆಕೆಂಡಲ್ಲೇ ಫ್ಯಾನಿಗೆ ಉಸಿರು ಕಟ್ಟುದು. ವಾಟ್ ತಿಂತದೆ, ಕಿರುಚ್ತದೆ, ತಳ್ಳುದಿಲ್ಲ. ಶಬ್ದ "ಜೋರೇ ಉಂಟು" ಅಂದಿರಲ್ಲ, ಅದೇ ಸುಳಿವು.
ಎಡಕ್ಕೆ ವಾಲುದು ಫ್ಯಾನ್ ತಿರುಗುದರ ಎದುರು ತಿರುಗಣೆ. ವೇಗ ಇದ್ರೆ ಗೊತ್ತೇ ಆಗುದಿಲ್ಲ.

ಫೋಮ್‌ಭಟ್ರು · 10.20
ಟೇಪ್ ತೆಗೆದ ಮೇಲೂ ಸಿಜಿ ನೋಡ್ಲೇಬೇಕು.

ಹಳೇ_ಬಾಲ್ಸಾ · 10.24
ಮೊದಲು ಅಳೀರಿ, ಮತ್ತೆ ಎಸೀರಿ. ಮೀನು ತೂಗುವ ನೇತಾಡುವ ಸ್ಪ್ರಿಂಗ್ ತಕ್ಕಡಿ ಯಾರ ಹತ್ರ ಆದ್ರೂ ಸಿಗ್ತದೆ. ರೆಕ್ಕೆಯ ಬುಡಕ್ಕೆ ಹಗ್ಗ ಸುತ್ತಿ, ಮೂಗು ಕೆಳಗೆ ಬರುವ ಹಾಗೆ ತೂಗುಹಾಕಿ. ಮುಳ್ಳು ಎಲ್ಲಿ ನಿಂತಿತು ನೋಡಿ. ಫುಲ್ ಥ್ರಾಟಲ್ ಕೊಡಿ, ಎಷ್ಟು ಜಾಸ್ತಿ ತೋರಿಸ್ತದೋ ಅದು ತಳ್ಳುವ ಬಲ. ಟೇಪ್ ಇಟ್ಟು ಒಮ್ಮೆ, ತೆಗೆದು ಒಮ್ಮೆ. ಕೆಳಗೆ ನೆಲ ಒಂದು ಮೀಟರ್ ದೂರ ಇರಲಿ, ಮಕ್ಕಳು ಇನ್ನೂ ದೂರ ಇರಲಿ.

ಥರ್ಮಾಕೋಲ್_ತೇಜಸ್ (ಮಣಿಪಾಲ) · 11.10
ಇದನ್ನೇ ನಾನು ನನ್ನ ತೇಜಸ್‌ಗೆ ಮಾಡಿದ್ದು! ಪೂರ್ತಿ ಥರ್ಮಾಕೋಲ್, ಪ್ಯಾಕಿಂಗಿನದ್ದು, ಒಂದು ಪೈಸೆ ಖರ್ಚಿಲ್ಲ. ಡೆಲ್ಟಾ ರೆಕ್ಕೆ, ಎರಡೇ ಸರ್ವೊ, ಮೂಗು ಎತ್ತುದೂ ವಾಲಿಸುದೂ ಅವೇ (ಎಲಿವಾನ್ ಮಿಕ್ಸ್). ಅಸಲಿಗೆ 1983ರಲ್ಲಿ ಯೋಜನೆ ಶುರುವಾಗಿ 2001ರಲ್ಲಿ ಹಾರಿತು, ನನ್ನದು ಬರೀ ಮೂರು ಮಳೆಗಾಲ ತಗೊಂಡಿತು. ಬಣ್ಣ ಹೊಡೆಯುವಾಗ ಸ್ಪ್ರೇ ತಾಗಿ ಬಾಲ ಕರಗಿದ್ದು ಮಾತ್ರ ಬೇಸರ.

ಟಾರ್‌ರೋಡ್_90 · 11.18
ಚೆನ್ನಾಗಿದೆ. ನನ್ನ 90ರಲ್ಲಿ ಚೀಟರ್ ಹೋಲ್ ಬೇಕಾಗೇ ಇಲ್ಲ ಗೊತ್ತಾ.

ಕೂಳೆಗದ್ದೆ_ಪೈಲಟ್ · ಸಂಜೆ 4.45
ಅಳೆದೆ. ನಮ್ಮ ಮನೆಗೆ ಮೀನು ತರುವ ಅಕ್ಕ ತಕ್ಕಡಿ ಕೊಟ್ಟರು, ಕೊಟ್ಟು ನಿಂತು ನೋಡಿದರೂ ಸಹ. ನಾಣ್ಯ ಸಮೇತ ಮುಳ್ಳು 900 ಗ್ರಾಂ. ಟೇಪ್ ಇದ್ದಾಗ ಫುಲ್ ಥ್ರಾಟಲ್‌ಗೆ 1450. ಅಂದ್ರೆ 550. ಟೇಪ್ ಕಿತ್ತು ಕೊಟ್ಟಾಗ 1700. ಅಂದ್ರೆ 800. ಶಬ್ದವೂ ಬದಲಾಯ್ತು, ಕಿರುಚುದು ಹೋಗಿ ಹುಶ್ ಅಂತ ಬಂತು. ಬಂಗುಡೆ ತೂಗುವ ತಕ್ಕಡಿಗೆ ಎರಡು ದಿನದ ಮೊದಲೇ ಗೊತ್ತಿತ್ತು ಅಂತ ಅನ್ನಿಸ್ತದೆ.

ವಾಟ್‌ಮೀಟರ್_ಕುಡ್ಲ · 5.02
ಆದ್ರೂ ಆ ಉಬ್ಬಿದ ಪ್ಯಾಕ್ ಬಿಸಾಡಿ. ಬಿಸಾಡುದು ಅಂದ್ರೆ ಕಸದ ಡಬ್ಬಿಗಲ್ಲ, ಮೊದಲು ಪೂರ್ತಿ ಖಾಲಿ ಮಾಡಿ, ಆಮೇಲೆ ಇ-ಕಸ ತಗೊಳ್ಳುವವರಿಗೆ ಕೊಡಿ. ಇದು ಬೆಂಕಿಯ ವಿಷಯ, ನಾನು ಗೆಲ್ಲಲಿಕ್ಕೆ ಹೇಳುದಲ್ಲ.

ಕೂಳೆಗದ್ದೆ_ಪೈಲಟ್ · ಸೋಮವಾರ ಬೆಳಿಗ್ಗೆ 8.15
ಹಾರಿತು!!!
ಊದುಬತ್ತಿ ಹಚ್ಚಿದೆ, ಹೊಗೆ ನಿಜವಾಗಿ ಪಡುವಣಕ್ಕೆ ಹೋಯ್ತು. ಟೊಪ್ಪಿ ಹಾಕಿ ಮೂಡಣಕ್ಕೆ ಎಸೆದೆ. ನಾಣ್ಯ ತೆಗೆದಿದ್ದೆ. ಕೈಬಿಟ್ಟ ಮೇಲೆ ಒಂದು ಸಲ ತಗ್ಗಿ, ಕೂಳೆಯ ಮೇಲೆ ಒಂದು ಮಾರು ಎತ್ತರದಲ್ಲಿ ಓಡಿ, ಮತ್ತೆ ಎದ್ದಿತು. ಎಲಿವೇಟರ್ ಎಳೀಲಿಲ್ಲ, ಪದವಿನವರು ಹೇಳಿದ ಹಾಗೆ ವೇಗ ಬರುವವರೆಗೆ ಕೈ ಕಟ್ಟಿ ನಿಂತೆ. ಟೈಮರ್ ಮೂರು ನಿಮಿಷ. ಅಳಿಯ ಕಿರುಚಿದ್ದು ಹೆದ್ದಾರಿವರೆಗೆ ಕೇಳಿರ್ಬೇಕು.

ಪದವು_ಗ್ಲೈಡರ್ · 8.30
ಗಾಳಿ ಅಂತ ಮೊದಲು ಹೇಳಿದ್ದು ಯಾರು ಅಂತ ದಾಖಲೆಗೆ ಇರಲಿ.

ಫೋಮ್‌ಭಟ್ರು · 8.41
ಎಸೆದ ಮೇಲೆ ಮೊದಲು ತಗ್ಗಿತು ಅಂದಿರಿ. ಮೂಗು ಭಾರ ಆಗಿದೆ. ಬ್ಯಾಟರಿ 3 ಮಿ.ಮೀ. ಹಿಂದೆ ಸರಿಸಿ.

ವಾಟ್‌ಮೀಟರ್_ಕುಡ್ಲ · 8.43
ಭಟ್ರೆ, ಶನಿವಾರ ಮುಂದೆ ಇಡಿ ಅಂದವರು ನೀವೇ.

ಥರ್ಮಾಕೋಲ್_ತೇಜಸ್ · 9.10
ಇಳಿಸುವಾಗ ಹುಲ್ಲು ಒಳಗೆ ಹೋಗುದಕ್ಕೆ ಎಂತ ಮಾಡಿದಿರಿ? ತೂತಿಗೆ ಸೊಳ್ಳೆಪರದೆ ಅಂಟಿಸಿದ್ರೆ ಆಗ್ತದಾ?

ಹಳೇ_ಬಾಲ್ಸಾ · 9.35
ಸೊಳ್ಳೆಪರದೆ ಬೇಡ, ಅದೂ ಟೇಪಿನ ತಮ್ಮನೇ, ಕಸ ಕೂತರೆ ಅಲ್ಲಿಗೇ ಮುಚ್ಚಿತು. ನೆಲ ತಾಗುವ ಎರಡು ಸೆಕೆಂಡ್ ಮೊದಲು ಥ್ರಾಟಲ್ ಪೂರ್ತಿ ಸೊನ್ನೆ ಮಾಡಿ, ಇಎಸ್‌ಸಿಯಲ್ಲಿ ಬ್ರೇಕ್ ಆನ್ ಇಡಿ, ಫ್ಯಾನ್ ನಿಂತಿರ್ತದೆ. ನಿಂತ ಫ್ಯಾನ್ ಹುಲ್ಲು ಎಳೀಲಿಕ್ಕಿಲ್ಲ. ಎತ್ತಿದ ಮೇಲೆ ತೂತಿಗೆ ಬೆರಳು ಹಾಕಿ ಕಸ ತೆಗೆದೇ ಮತ್ತೆ ಬ್ಯಾಟರಿ ಸಿಕ್ಕಿಸಿ. ಬ್ಯಾಟರಿ ಸಿಕ್ಕಿಸಿದ ಮೇಲೆ ಬೆರಳು ಹಾಕಬೇಡಿ, ನನಗೆ ಎರಡು ಹೊಲಿಗೆ ಬಿದ್ದಿದೆ.

ಕೂಳೆಗದ್ದೆ_ಪೈಲಟ್ · ರಾತ್ರಿ 9.05
ಬ್ರೇಕ್ ಆನ್ ಮಾಡಿದೆ, ಸರಿಯಾಯ್ತು. ಈಗ ಬೇರೆಯೇ ತಾಪತ್ರಯ. ನಮ್ಮ ಚಿಕ್ಕಪ್ಪ ಗುರುವಾರ ಗದ್ದೆ ಹೂಡಿಸ್ತಾರಂತೆ, ಉದ್ದು ಹಾಕ್ಲಿಕ್ಕೆ. ಉತ್ತ ಗದ್ದೆಯಲ್ಲಿ ಇಳಿಸಿದ್ರೆ ಮಣ್ಣೇ ಮಣ್ಣು. ಬಾರ್ಕೂರು, ಹೆಬ್ರಿ ಕಡೆ ಮುಳಿಹುಲ್ಲು ಇರುವ, ದನ ಕಟ್ಟದ ಪದವು ಯಾರಿಗಾದ್ರೂ ಗೊತ್ತುಂಟಾ? ಬೈಕಲ್ಲಿ ಹೋಗುವ ದಾರಿ ಇದ್ರೆ ಸಾಕು.

ಟಾರ್‌ರೋಡ್_90 · ಬುಧವಾರ ಮಧ್ಯಾಹ್ನ 1.12
ವಿಡಿಯೊ ಹಾಕಿದೀನಿ ನೋಡಿ. ಎರಡನೇ ನಿಮಿಷದಿಂದ ನೋಡಿ, ಲ್ಯಾಂಡಿಂಗ್ ಲೈಟು ಅಲ್ಲಿ ಬರುತ್ತೆ.